ಗದ್ದೆಪ್ಪ ಕೆರೆದು ತೆಗೆದ ಗೆರೆ

ಬೆಳಗಿನ ಐದೂವರೆ. ರಾಯಚೂರಿನ ಕಾಟಿ ದರ್ವಾಜದ ಹಿಂದಿನ ಓಣಿಯಲ್ಲಿ ನಲ್ಲಿಗೆ ಇನ್ನೂ ನೀರು ಬಂದಿಲ್ಲ, ಕೊಡಗಳು ಮಾತ್ರ ಸಾಲಾಗಿ ಬಂದು ಕೂತಿವೆ. ಓಣಿಯ ಕೊನೆಯ ಮನೆಯ ಕಟ್ಟೆಯ ಮೇಲೆ ಡ್ರಾಯಿಂಗ್ ಬೋರ್ಡು ಇಟ್ಟುಕೊಂಡು ಗದ್ದೆಪ್ಪ ಆಗಲೇ ಕೆಲಸಕ್ಕೆ ಕೂತಾಗಿದೆ. ಕುತ್ತಿಗೆಗೊಂದು ಟವೆಲು, ಬಲಗೈ ಮಣಿಕಟ್ಟಿಗೆ ಸುತ್ತಿದ ಹಳೆ ಧೋತರದ ಚೂರು. ಬೆವರು ಹಾಳೆಗೆ ಇಳಿಯಬಾರದೆಂದು ಈ ಏರ್ಪಾಡು. ಏಪ್ರಿಲ್ ತಿಂಗಳ ರಾಯಚೂರಿನಲ್ಲಿ ಎಂಟು ಗಂಟೆಯಾಯಿತೆಂದರೆ ಟ್ರೇಸಿಂಗ್ ಪೇಪರು ಹಪ್ಪಳದ ಹಾಗೆ ಎದ್ದು ಕೂರುತ್ತದೆ, ಮಸಿ ಪೆನ್ನಿನ ಬಾಯಲ್ಲೇ ಒಣಗಿಹೋಗುತ್ತದೆ. ಹಾಗಾಗಿ ಅವರ ಪಾಲಿಗೆ ದಿನವೆಂದರೆ ಬೆಳಗಿನ ಈ ಎರಡೂವರೆ ತಾಸು.

ಹಾಳೆಯ ಮೇಲಿರುವುದು ಯಾರದೋ ಮನೆಯ ಪ್ಲಾನು ಅಲ್ಲ, ಕಾಲುವೆಯ ನಕ್ಷೆಯೂ ಅಲ್ಲ. ಮೂಲೆ ಉರುಟಾದ ಚೌಕಗಳು, ಒಂದೊಂದರಲ್ಲೂ ಒಂದೊಂದು ಕೆಲಸ: ಚೀಟಿ ಬರೆ, ಸಹಿ ಪಡೆ, ಸೀಸೆ ಎಣಿಸು. ಹೌದೋ ಅಲ್ಲವೋ ಎಂದು ಕೇಳಬೇಕಾದ ಕಡೆ ಶಂಕರಪೋಳಿ ತಿಂಡಿಯ ಹಾಗೆ ವಜ್ರಾಕಾರದ ಒಂದು ಮನೆ. ಚೌಕದಿಂದ ಚೌಕಕ್ಕೆ ಬಾಣ. ದಾರಿ ಎರಡಾಗುವಲ್ಲಿ ಒಂದು ದಪ್ಪ ಪಟ್ಟಿ, ಎರಡೂ ದಾರಿ ಮತ್ತೆ ಕೂಡುವಲ್ಲಿ ಇನ್ನೊಂದು. ಇದನ್ನು ಗದ್ದೆಪ್ಪ ಕೆಲಸದ ನಕ್ಷೆ ಅನ್ನುತ್ತಾರೆ. ಕಂಪ್ಯೂಟರಿಗೆ ಒಂದು ಕೆಲಸ ಕಲಿಸಬೇಕಾದರೆ, ಆ ಕೆಲಸ ಮನುಷ್ಯರ ಕೈಯಲ್ಲಿ ಹೇಗೆ ನಡೆಯುತ್ತದೆ ಎಂಬುದನ್ನು ಮೊದಲು ಹೀಗೆ ಹಾಳೆಯ ಮೇಲೆ ಇಳಿಸಬೇಕು. ಅದನ್ನು ನೋಡಿಕೊಂಡು ಪ್ರೋಗ್ರಾಂ ಬರೆಯುವವರು ಬರೆಯುತ್ತಾರೆ.

ಈಗ ಬೋರ್ಡಿನ ಮೇಲಿರುವುದು ಹದಿನೇಳನೆಯ ಹಾಳೆ. ಇದನ್ನು ಅವರು ಬರೆಯುತ್ತಿರುವುದು ಹನ್ನೆರಡನೆಯ ಸಲ. ಹೆಂಡತಿ ಭೀಮವ್ವ ಚಹದ ಬಟ್ಟಲನ್ನು ಬೋರ್ಡಿನಿಂದ ಮಾರುದೂರ ಇಟ್ಟು, ಸೆರಗಿನಿಂದ ಮುಖ ಒರೆಸಿಕೊಂಡು ನೋಡಲು ಬಂದವರಿಗೆ ಹೇಳುತ್ತಾರೆ: “ನಲವತ್ತೊಂದು ಕೆಲಸದ ಹಾಳಿ ಮುಗದಾವ್ರಿ. ಇದೊಂದ ಮುಗಿಯಂಗಿಲ್ಲ. ಬರೀತಾರ, ಒಯ್ದು ಕೊಡ್ತಾರ, ಅವ್ರು ವಾಪಸ್ ಕಳಸ್ತಾರ, ಮತ್ತ ಕುಂತು ಬರೀತಾರ. ನಾ ಏನರ ಅಂದ್ರ ಉಣ್ಣೂದ ಬಿಡ್ತಾರ.” ಗದ್ದೆಪ್ಪ ತಲೆ ಎತ್ತುವುದಿಲ್ಲ. ಉಸಿರು ಬಿಗಿ ಹಿಡಿದು ಗೆರೆ ಎಳೆಯುವ ಹೊತ್ತಿನಲ್ಲಿ ಅವರಿಗೆ ಮಾತು ಕೇಳಿಸುವುದಿಲ್ಲ ಅಂತಲ್ಲ, ಕೇಳಿಸದ ಹಾಗೆ ಇರುವುದು ಅವರಿಗೆ ರೂಢಿಯಾಗಿದೆ.

ಗದ್ದೆಪ್ಪನವರಿಗೆ ಈಗ ಐವತ್ತೆಂಟು. ಹುಟ್ಟಿದ್ದು ಮಾನ್ವಿ ತಾಲ್ಲೂಕಿನ ಮಲ್ಲಟದಲ್ಲಿ, ಕುರಿ ಕಾಯುವ ಮನೆತನದಲ್ಲಿ. ನಿಜಾಮರ ಕಾಲದ ಶಾಲೆಯಲ್ಲಿ ಉರ್ದುವಿನಲ್ಲಿ ಏಳನೆಯವರೆಗೆ ಓದಿದರು. ತುಂಗಭದ್ರೆಯ ಎಡದಂಡೆ ಕಾಲುವೆಯ ಕೆಲಸ ನಡೆದಿದ್ದಾಗ ಸರಪಳಿ ಹಿಡಿದು ನೆಲ ಅಳೆಯುವ ಆಳಾಗಿ ಸೇರಿ, ಕೈ ನಡುಗುವುದಿಲ್ಲವೆಂದು ಯಾರೋ ಇಂಜಿನಿಯರು ಮೆಚ್ಚಿ, ಟ್ರೇಸರ್ ಆದರು. ಟ್ರೇಸರ್ ಕೆಲಸವೆಂದರೆ ಕೆಳಗಿನ ಹಾಳೆಯಲ್ಲಿ ಇನ್ನೊಬ್ಬರು ಪೆನ್ಸಿಲಿನಲ್ಲಿ ಬರೆದದ್ದನ್ನು ಮೇಲಿನ ತೆಳು ಹಾಳೆಗೆ ಮಸಿಯಲ್ಲಿ ಎತ್ತುವುದು. ಅಷ್ಟೇ. ಒಂದು ಗೆರೆ ಹೆಚ್ಚಿಸುವಂತಿಲ್ಲ, ಒಂದು ಗೆರೆ ಬಿಡುವಂತಿಲ್ಲ. “ಕೆಳಗ ತಪ್ಪಿದ್ರ ತಪ್ಪ ಎತ್ತಬೇಕು. ತಿದ್ದಾಕ ನಾವ್ಯಾರು? ಇಪ್ಪತ್ಮೂರು ವರ್ಷ ಹಂಗ ಮಾಡೀನ್ರಿ,” ಅನ್ನುತ್ತಾರೆ. ೧೯೭೬ರಲ್ಲಿ ಅವರಿದ್ದ ವಿಭಾಗವನ್ನೇ ಮುಚ್ಚಿದರು. ದಿನಗೂಲಿಯವರಿಗೆ ಹಾರವೂ ಇಲ್ಲ, ಭಾಷಣವೂ ಇಲ್ಲ. ಆಮೇಲೆ ಹತ್ತು ವರ್ಷ ಊರಿನ ಮೇಸ್ತ್ರಿಗಳಿಗೆ ಮನೆ ಪ್ಲಾನು ಎತ್ತಿಕೊಡುತ್ತ ಹೇಗೋ ದಿನ ದೂಡಿದರು.

೧೯೮೭ರಲ್ಲಿ ‘ಎಡದಂಡೆ ವೈದ್ಯ ಸೇವಾ ಸಂಘ’ ಎಂಬ ಧರ್ಮಸಂಸ್ಥೆಗೆ ಯಾರೋ ದಾನಿಗಳು ಒಂದು ಕಂಪ್ಯೂಟರು ಕೊಟ್ಟರು. ಸಂಘದ ಕಚೇರಿಯೂ ಔಷಧದ ಉಗ್ರಾಣವೂ ರಾಯಚೂರಿನಲ್ಲಿ, ಎರಡು ಸಣ್ಣ ದವಾಖಾನೆ ದೇವದುರ್ಗ, ಮಾನ್ವಿಯಲ್ಲಿ. ಯಂತ್ರಕ್ಕೆಂದು ತಣ್ಣನೆಯ ಕೋಣೆ ಕಟ್ಟಿಸಿದರು, ಚಪ್ಪಲಿ ಹೊರಗೆ ಬಿಡಿಸಿದರು, ಪೂಜೆ ಮಾಡಿಸಿದರು. ಮಾಡಿಸಿದ ಮೇಲೆ ಅದಕ್ಕೆ ಏನು ಹೇಳಬೇಕೆಂದು ಯಾರಿಗೂ ತಿಳಿಯದು. ಆಗ ಬಂದವರು ಶೇಷಗಿರಿ. ಊರಿನ ಆಚಾರ್ಯರ ಮನೆಯ ತರುಣ, ಹೈದರಾಬಾದಿನಲ್ಲಿ ಕಲಿತು ಬಂದವರು. ಮೊದಲು ಸಂಘದ ಪ್ರತಿಯೊಂದು ಕೆಲಸದ ನಕ್ಷೆ ಬೇಕು, ಅದಕ್ಕೆ ಕೈ ಚೊಕ್ಕಟವಿರುವ ಒಬ್ಬರು ಬೇಕು ಅಂದರು. ಮೇಸ್ತ್ರಿಯೊಬ್ಬ ಗದ್ದೆಪ್ಪನವರ ಹೆಸರು ಹೇಳಿದ.

ಮೊದಲ ದಿನ ಶೇಷಗಿರಿ ಬಳಪ ಹಿಡಿದು ಗೋಡೆಯ ಮೇಲೆ ಚೌಕ, ಬಾಣ, ಪಟ್ಟಿ ಬರೆದು ತೋರಿಸಿದರು. ಗದ್ದೆಪ್ಪ ಅಭ್ಯಾಸಬಲದಿಂದ, “ಕೆಳಗ ಇಡೂ ಹಾಳಿ ಎಲ್ಲಿ ಅದರಿ?” ಎಂದು ಕೇಳಿದರು. “ಕೆಳಗ ಹಾಳಿ ಇಲ್ಲ ಗದ್ದೆಪ್ಪನವರ. ನೀವ ಹೋಗಿ ನೋಡ್ರಿ, ಕಂಡದ್ದನ್ನ ಬರೀರಿ,” ಅಂದರು ಶೇಷಗಿರಿ. ಐವತ್ತಾರನೆಯ ವಯಸ್ಸಿನಲ್ಲಿ ಒಬ್ಬ ಮನುಷ್ಯನಿಗೆ ಕಂಡದ್ದನ್ನು ಬರೆಯುವ ಅಪ್ಪಣೆ ಸಿಕ್ಕಿತು. ಆ ರಾತ್ರಿ ಗಂಡ ಉಣ್ಣುವ ತಟ್ಟೆಯ ಅನ್ನದಲ್ಲೂ ಬೆರಳಿನಿಂದ ಚೌಕ ಕೊರೆಯುತ್ತಿದ್ದರೆಂದು ಭೀಮವ್ವ ನಗುತ್ತಾರೆ.

ಪಟ್ಟಿಯ ಸಂಗತಿ ಕಾಲೇಜು ಓದಿದವರಿಗೂ ತೊಡಕು. ಎರಡು ಕೆಲಸ ಒಟ್ಟಿಗೆ ಹೊರಟು, ಎರಡೂ ಮುಗಿದು ಬಂದು ಕೂಡಿದ ಮೇಲೆಯೇ ಮುಂದಿನದು. ಒಂದು ಬಂದು ಇನ್ನೊಂದು ಬರದಿದ್ದರೆ ಬಂದದ್ದು ಅಲ್ಲೇ ನಿಲ್ಲಬೇಕು. ಗದ್ದೆಪ್ಪನವರಿಗೆ ಇದು ಕೂಡಲೇ ಹೊಳೆಯಿತು: “ನಮ್ಮಪ್ಪ ಹೊಳಿ ದಾಟಸೂಮುಂದ ಹಿಂಡು ಎರಡು ಮಾಡ್ತಿದ್ದ. ಮರಿ, ಗಬ್ಬದ ಕುರಿ ಒಂದು ಕಡಿ, ಟಗರು ಒಂದು ಕಡಿ. ಆಚಿ ದಂಡ್ಯಾಗ ಎರಡೂ ಬಂದು ಕೂಡೂತನಕ ಒಂದು ಹೆಜ್ಜಿ ಮುಂದ ಇಡ್ತಿದ್ದಿಲ್ಲ. ಇದೂ ಹಂಗ ಅದ.”

ಆಮೇಲಿನ ಏಳು ತಿಂಗಳು ಅವರು ಕಾಗದಗಳ ಬೆನ್ನು ಹತ್ತಿ ತಿರುಗಿದರು. ಮೊದಲ ಬಸ್ಸಿಗೆ ದೇವದುರ್ಗಕ್ಕೆ ಹೋಗಿ ಡಾಕ್ಟರರ ಮೇಜಿನ ಬದಿಯಲ್ಲಿ ಸ್ಟೂಲು ಹಾಕಿಕೊಂಡು ಕೂರುವುದು. ಒಂದು ಚೀಟಿ ಯಾರ ಕೈಯಿಂದ ಯಾರ ಕೈಗೆ ಹೋಯಿತು, ಎಲ್ಲಿ ಎಷ್ಟು ಹೊತ್ತು ಪೇಪರ್‌ವೇಟಿನ ಕೆಳಗೆ ಮಲಗಿತು, ಯಾರು ಓದದೆ ಸಹಿ ಹಾಕಿದರು, ಎಲ್ಲವನ್ನೂ ಗುರುತು ಹಾಕಿಕೊಳ್ಳುವುದು. ಮರುದಿನ ಸಿರವಾರದ ಮೇಲಿಂದ ಮಾನ್ವಿ. ಒಂದು ಹಾಳೆಗೆ ನಾಲ್ಕು ಬೆಳಗು ಬೇಕು. ಎರಡು ವರ್ಷದಲ್ಲಿ ಬರೆದ ಚೌಕಗಳು ಸಾವಿರದ ಒಂಬೈನೂರ ಆರು, ಶಂಕರಪೋಳಿ ಮುನ್ನೂರ ಹನ್ನೆರಡು, ಪಟ್ಟಿ ಐವತ್ತೆಂಟು. ಈ ಲೆಕ್ಕ ಸಂಘದಲ್ಲಿ ಯಾರಿಗೂ ಗೊತ್ತಿಲ್ಲ. ಕೇಳಿದವರೂ ಇಲ್ಲ.

ಹದಿನೇಳನೆಯ ಹಾಳೆ ಹಾವು ಕಡಿದವರ ಇಂಜೆಕ್ಷನ್ನಿನದು. ಕಾಲುವೆ ಬಂದ ಮೇಲೆ ಮಾನ್ವಿ ಕಡೆ ಭತ್ತದ ಗದ್ದೆ ಹೆಚ್ಚಿತು, ಗದ್ದೆಯ ಜೊತೆ ಇಲಿ, ಇಲಿಯ ಹಿಂದೆ ಹಾವು. ಮಾನ್ವಿಯ ದವಾಖಾನೆಯಲ್ಲಿ ಯಾವಾಗಲೂ ನಾಲ್ಕು ಸೀಸೆ ಔಷಧ ಇರುತ್ತದೆ. ಒಬ್ಬರಿಗೆ ಹತ್ತು ಬೇಕಾಗಬಹುದು. ಹೆಚ್ಚಿಗೆ ಬೇಕಾದಾಗ ಏನು ಮಾಡಬೇಕೆಂದು ಸಂಘದ ನಿಯಮಪುಸ್ತಕದಲ್ಲಿ ಬರೆದಿದೆ. ಬೇಡಿಕೆ ಚೀಟಿ ಡಾಕ್ಟರರ ಸಹಿಗೆ ಹೋಗಬೇಕು, ಬಳಸಿದ ಖಾಲಿ ಸೀಸೆಗಳು ಎಣಿಕೆಗೆ ರಾಯಚೂರಿಗೆ ಹೋಗಬೇಕು. ಸಹಿಯಾದ ಚೀಟಿ, ಎಣಿಸಿದ ಸೀಸೆ ಎರಡೂ ರಾಯಚೂರಿನಲ್ಲಿ ಕೂಡಿದ ಮೇಲೆ ಉಗ್ರಾಣದಿಂದ ಔಷಧ ಹೊರಡಬೇಕು. ಡಾಕ್ಟರರು ಇರುವವರು ಒಬ್ಬರೇ. ಸೋಮವಾರ, ಬುಧವಾರ, ಶುಕ್ರವಾರ ದೇವದುರ್ಗ, ಉಳಿದ ದಿನ ಮಾನ್ವಿ. ಅಂದರೆ ಬುಧವಾರ ಮಾನ್ವಿಯಲ್ಲಿ ಹಾವು ಕಡಿದರೆ ಚೀಟಿ ಮೊದಲು ದೇವದುರ್ಗ ನೋಡಿಕೊಂಡು ಬರಬೇಕು. ಈ ನಿಯಮ ಮಾಡಿದವರನ್ನು ಒಮ್ಮೆಯಾದರೂ ಹಾವು ಮೂಸಿ ನೋಡಿದ್ದರೆ ಚೆನ್ನಾಗಿತ್ತು.

ಆದರೆ ನಿಜವಾಗಿ ನಡೆಯುತ್ತಿದ್ದದ್ದು ಬೇರೆ. ಮಾನ್ವಿಯ ಕಂಪೌಂಡರ್ ಸೈಫುದ್ದೀನ್ ಚೀಟಿಯ ದಾರಿ ಕಾಯುತ್ತಲೇ ಇರಲಿಲ್ಲ. ಒಂದು ಥರ್ಮಾಸಿಗೆ ಐಸು ತುಂಬಿ, ರಾಯಚೂರಿನ ಬಸ್ಸಿನ ಕಂಡಕ್ಟರ್ ಸಾಬಣ್ಣನ ಕೈಗೆ ಕೊಟ್ಟು, ಬೆರಳು ತೋರಿಸಿ ಎಷ್ಟು ಸೀಸೆ ಎಂದು ಹೇಳುವುದು. ಸಾಬಣ್ಣ ಬಸ್ಸನ್ನು ನಿಲ್ದಾಣದಲ್ಲಿ ಬಿಟ್ಟು ಓಡಿ ಉಗ್ರಾಣಕ್ಕೆ ಹೋಗುವುದು. ಸ್ಟೋರ್‌ಕೀಪರ್ ಬಾಯಿಮಾತಿನ ಮೇಲೆ ಸೀಸೆ ಎಣಿಸಿ ಕೊಡುವುದು. ತಿರುಗಿ ಬರುವ ಬಸ್ಸಿಗೆ ಔಷಧ ಮಾನ್ವಿಯಲ್ಲಿ. ಸಹಿ, ಎಣಿಕೆ ಎಲ್ಲ ವಾರದಲ್ಲಿ ನಿಧಾನವಾಗಿ ಹಿಂದಿನ ತಾರೀಖು ಹಾಕಿಸಿಕೊಂಡು ಬರುತ್ತಿದ್ದವು. ಎಂಟು ವರ್ಷದಿಂದ ಹೀಗೆ ನಡೆದಿತ್ತು. ಇಪ್ಪತ್ತಾರು ಜನ ಹೀಗೆ ಬದುಕಿದ್ದರು.

ಗದ್ದೆಪ್ಪ ಎರಡು ಸಲ ಸಾಬಣ್ಣನ ಜೊತೆ ಥರ್ಮಾಸು ಹಿಡಿದು ಓಡಿ ನೋಡಿದರು. ಆಮೇಲೆ ಬೆಳಿಗ್ಗೆ ಕೂತು, ಮಾನ್ವಿಯ ಚೌಕದಿಂದ ಪಟ್ಟಿಯ ಪಕ್ಕದಿಂದ ಹಾಯ್ದು ಸೀದಾ ಉಗ್ರಾಣದ ಚೌಕಕ್ಕೆ ಹೋಗಿ ಮರಳುವ, ತುಂಡು ತುಂಡಾದ ಒಂದು ಗೆರೆ ಎಳೆದರು. ಉಳಿದ ಗೆರೆಗಳೆಲ್ಲ ಯಾವುದಾದರೂ ಪುಸ್ತಕದಲ್ಲಿ ಇದ್ದವು. ಇದು ಮಾತ್ರ ಎಲ್ಲೂ ಇರಲಿಲ್ಲ. “ಅದೊಂದ ನನ್ನ ಗೆರಿ ಇತ್ತರಿ,” ಅನ್ನುವಾಗ ಅವರ ದನಿ ಇಳಿಯುತ್ತದೆ. “ಮೂವತ್ತು ವರ್ಷದಾಗ ಅದೊಂದ.”

ಆ ವರ್ಷ ಡಿಸೆಂಬರಿನಲ್ಲಿ ಸಂಘದ ಸಭೆ. ಹಾಳೆಗಳನ್ನು ಮೇಜಿನ ಮೇಲೆ ಹರಡಿದರು. ಹದಿನೇಳರ ಹತ್ತಿರ ಬಂದಾಗ ಕಾರ್ಯದರ್ಶಿಗಳ ಬೆರಳು ತುಂಡು ಗೆರೆಯ ಮೇಲೆ ನಿಂತಿತು. ಇದು ಯಾವ ನಿಯಮದಲ್ಲಿದೆ? ಇಲ್ಲ ಅಂದರು ಶೇಷಗಿರಿ, ಆದರೆ ನಡೆಯುತ್ತಿದೆ. ನಡೆಯುತ್ತಿದೆ ಅಂದರೆ ಕಂಪೌಂಡರ್ ತಪ್ಪು ಮಾಡುತ್ತಿದ್ದಾನೆ, ಸ್ಟೋರ್‌ಕೀಪರ್ ತಪ್ಪು ಮಾಡುತ್ತಿದ್ದಾನೆ, ಕಂಡಕ್ಟರನ ಮೇಲೆ ಅವನ ಇಲಾಖೆಗೆ ಕಾಗದ ಬರೆಯಬೇಕಾಗುತ್ತದೆ ಎಂದರು ಕಾರ್ಯದರ್ಶಿ. ಮನುಷ್ಯ ಕೆಟ್ಟವರಲ್ಲ. ಅವರು ಗದ್ದೆಪ್ಪನವರನ್ನು ಹೊರಗೆ ಕರೆದು ಮೆತ್ತಗೆ ಹೇಳಿದರು: “ಗೆರಿ ಉಳಿದ್ರ ಮೂರು ಮಂದಿಗೆ ನಾನ ನೋಟಿಸು ಕೊಡಬೇಕಾಗ್ತದ. ಗೆರಿ ಹೋದ್ರ ನನಗೇನೂ ಕಂಡಿಲ್ಲ. ವಿಚಾರ ಮಾಡ್ರಿ.”

ವಿಷಯ ತಿಳಿದು ಸೈಫುದ್ದೀನ್ ಮರುದಿನವೇ ಮಾನ್ವಿಯಿಂದ ಓಡಿ ಬಂದ. ಇದೇ ಕಟ್ಟೆಯ ಮೇಲೆ ಕೂತು ಕೈ ಹಿಡಿದುಕೊಂಡ. “ಗದ್ದೆಪ್ಪಣ್ಣಾ, ಖುದಾ ಕಸಮ್, ಆ ಗೆರಿ ತಗದುಬಿಡ್ರಿ. ಕಾಗದದಾಗ ಇಲ್ಲಂದ್ರ ಏನಾತು? ನಾವು ಮಾಡೂದು ಮಾಡ್ತೀವಿ. ಕಾಗದ ನೋಡಿ ಯಾರರ ಕೆಲಸ ಮಾಡ್ತಾರೇನು?”

ಇಲ್ಲಿಯೇ ಎಲ್ಲರೂ ಎಡವಿದ್ದು. ನಮ್ಮ ಕಚೇರಿಗಳಲ್ಲಿ ಕಾಗದದ ದಾರಿ ಒಂದು, ಕೆಲಸದ ದಾರಿ ಇನ್ನೊಂದು, ಇದು ಎಲ್ಲರಿಗೂ ಗೊತ್ತಿರುವ ಗುಟ್ಟು. ಕಾಗದದಲ್ಲಿ ಒಂದು ಗೆರೆ ಇಲ್ಲದಿದ್ದರೆ ಸಾಬಣ್ಣನ ಕಾಲು ಓಡುವುದನ್ನು ಬಿಡುತ್ತದೆಯೇ? ಗದ್ದೆಪ್ಪನವರೂ ಹಾಗೇ ತಿಳಿದರು. ಮೂವರ ಅನ್ನ ಉಳಿಯಲಿ ಎಂದು ಮರುದಿನ ಬೆಳಿಗ್ಗೆ ಅರ್ಧ ಬ್ಲೇಡು ಹಿಡಿದರು. ಟ್ರೇಸಿಂಗ್ ಪೇಪರಿನ ಮೇಲೆ ಮಸಿ ಅಳಿಸಲು ರಬ್ಬರು ನಡೆಯದು. ಬ್ಲೇಡನ್ನು ಅಡ್ಡ ಮಲಗಿಸಿ ತೂತು ಬೀಳದ ಹಾಗೆ ಕೆರೆಯಬೇಕು, ಕೆರೆದ ಜಾಗವನ್ನು ಉಗುರಿನಿಂದ ನಯ ಮಾಡಬೇಕು. “ಹತ್ತು ಮಿನೀಟಿನ ಕೆಲಸ. ಗೆರಿ ಹಾಕಾಕ ಮಾತ್ರ ಎರಡು ಬೆಳಗು ಹಿಡದಿತ್ತು,” ಅನ್ನುತ್ತಾರೆ.

ಮರುವರ್ಷ ಯುಗಾದಿಯ ಹೊತ್ತಿಗೆ ಯಂತ್ರ ಶುರುವಾಯಿತು. ಅದಕ್ಕೆ ನಮ್ಮ ಗುಟ್ಟು ಯಾರೂ ಹೇಳಿಕೊಟ್ಟಿರಲಿಲ್ಲ. ಹಾಳೆಯಲ್ಲಿ ಇದ್ದದ್ದೇ ಅದರ ಲೋಕ. ಡಾಕ್ಟರರು ಸಹಿಯ ಜೊತೆ ಕೊಡುವ ನಂಬರು, ಖಾಲಿ ಸೀಸೆಯ ಎಣಿಕೆ ಎರಡನ್ನೂ ಒತ್ತಿದರೆ ಔಷಧ ಬಿಡುವ ಚೀಟಿ ಅಚ್ಚಾಗಿ ಬರುತ್ತದೆ. ಒಂದು ಒತ್ತಿದರೆ ಇನ್ನೊಂದಕ್ಕೆ ಕಾಯುತ್ತ ಪರದೆಯ ಮೇಲೆ ಪುಟ್ಟ ಹಸಿರು ಚುಕ್ಕೆ ಮಿಣುಕುತ್ತ ಕೂರುತ್ತದೆ. ಸ್ಟೋರ್‌ಕೀಪರನ ಹಳೆಯ ರಿಜಿಸ್ಟರು ಕಟ್ಟಿ ಅಟ್ಟಕ್ಕೆ ಹಾಕಿದರು. ಅಚ್ಚಾದ ಚೀಟಿ ಇಲ್ಲದೆ ಒಂದು ಸೀಸೆ ಹೊರಗೆ ಹೋದರೂ ಸಂಜೆ ಯಂತ್ರ ಅವನ ಹೆಸರು ಹಿಡಿದು ಹೇಳುತ್ತದೆ.

ಆ ಶ್ರಾವಣದ ಒಂದು ಬುಧವಾರ. ತುಂಗಭದ್ರೆಯ ದಂಡೆಯ ಚೀಕಲಪರ್ವಿಯಲ್ಲಿ ಯಂಕಮ್ಮ ಎಂಬ ಇಪ್ಪತ್ತು ವರ್ಷದ ಹೆಣ್ಣುಮಗಳಿಗೆ ಕಳೆ ಕೀಳುವಾಗ ಹಾವು ಕಡಿಯಿತು. ಹತ್ತೂವರೆಗೆ ಟ್ರ್ಯಾಕ್ಟರಿನಲ್ಲಿ ಮಾನ್ವಿಗೆ ತಂದರು. ನಾಲ್ಕು ಸೀಸೆಯೂ ಹಾಕಿದರು. ಯಂತ್ರ ಶುರುವಾದ ಮೇಲೆ ಅಷ್ಟು ಸಾಲದೆ ಹೋದದ್ದು ಇದೇ ಮೊದಲು. ವಿಷ ಇಳಿಯದೆ ಕಣ್ಣುರೆಪ್ಪೆ ಮತ್ತೆ ಮುಚ್ಚತೊಡಗಿತು. ಡಾಕ್ಟರರೂ ಸಂಘದ ಜೀಪೂ ದೇವದುರ್ಗದಲ್ಲಿ. ಮಾನ್ವಿಯಲ್ಲಿ ಬೇರೆ ಕಡೆ ವಿಚಾರಿಸಿದರೆ ಆ ದಿನ ಎಲ್ಲೂ ಔಷಧ ಇರಲಿಲ್ಲ. ಸೈಫುದ್ದೀನ್ ಎಂದಿನಂತೆ ಥರ್ಮಾಸು ತುಂಬಿ, ಜೊತೆಗೆ ನಾಲ್ಕು ಖಾಲಿ ಸೀಸೆ ಕಟ್ಟಿ ಸಾಬಣ್ಣನ ಕೈಗೆ ಕೊಟ್ಟ. ಸಾಬಣ್ಣ ಎಂದಿನಂತೆ ಓಡಿದ. ಹನ್ನೆರಡೂವರೆಗೆ ಉಗ್ರಾಣದ ಬಾಗಿಲಲ್ಲಿ ಆರು ಬೆರಳು ತೋರಿಸಿದ. ಸ್ಟೋರ್‌ಕೀಪರ್ ಎದ್ದು ನಿಂತ, ಕಪಾಟಿನವರೆಗೂ ಹೋದ, ತಿರುಗಿ ಬಂದು ಯಂತ್ರದ ಕೋಣೆಯ ಕಡೆ ಕೈ ತೋರಿಸಿದ.

ಯಂತ್ರದ ಕೋಣೆಯಲ್ಲಿ ಶೇಷಗಿರಿ ಏನೇನು ಒತ್ತಬಹುದೋ ಎಲ್ಲ ಒತ್ತಿದರು. ಸೀಸೆಯ ಎಣಿಕೆ ಹೋಯಿತು, ಸಹಿಯ ನಂಬರಿಲ್ಲದೆ ಚೀಟಿ ಬರಲಿಲ್ಲ. ದೇವದುರ್ಗಕ್ಕೆ ಟ್ರಂಕ್ ಕಾಲ್ ಬುಕ್ ಮಾಡಿದರು. ಲೈನು ಸಿಕ್ಕಿ ಡಾಕ್ಟರರು ನಂಬರು ಹೇಳಿದಾಗ ನಾಲ್ಕು ಗಂಟೆ ಹತ್ತು ನಿಮಿಷ. ಯಂಕಮ್ಮ ಮೂರೂಕಾಲಿಗೇ ತೀರಿಕೊಂಡಿದ್ದಳು. ಆರು ಸೀಸೆ ಔಷಧ ಐದರ ಬಸ್ಸಿಗೆ ಮಾನ್ವಿಗೆ ಹೋಗಿ ಫ್ರಿಜ್ಜು ಸೇರಿದವು. ಆ ಸಂಜೆ ಲೆಕ್ಕ ತಾಳೆಯಾಯಿತು.

ಯಾರನ್ನು ಬಯ್ಯಬೇಕು? ಸ್ಟೋರ್‌ಕೀಪರನನ್ನು ಬಯ್ದರು, ಯಂತ್ರವನ್ನು ಬಯ್ದರು, ಹಣೆಬರಹ ಅಂದರು. ಗದ್ದೆಪ್ಪನವರ ಹೆಸರು ಯಾರ ಬಾಯಲ್ಲೂ ಬರಲಿಲ್ಲ, ಏಕೆಂದರೆ ಅಲ್ಲಿ ಒಂದು ಗೆರೆ ಇತ್ತೆಂಬುದು ನಾಲ್ಕೈದು ಜನಕ್ಕೆ ಬಿಟ್ಟರೆ ಗೊತ್ತಿಲ್ಲ. ಅದು ಅವರಿಗೆ ಇನ್ನೂ ಕಷ್ಟವಾಯಿತು. “ಯಾರರ ನನ್ನ ಹಿಡದು ಕೇಳಿದ್ರ ಚೊಲೋ ಇತ್ತರಿ,” ಅನ್ನುತ್ತಾರೆ. “ಯಾರೂ ಕೇಳಲಿಲ್ಲ. ನಾನ ಕೇಳ್ಕೊಂಡೆ. ಕೇಳ್ಕೊಳ್ಳಾಕತ್ತೀನಿ.”

ಅಂದಿನಿಂದ ಹದಿನೇಳನೆಯ ಹಾಳೆಯನ್ನು ತುಂಡು ಗೆರೆಯ ಸಮೇತ ಮತ್ತೆ ಮತ್ತೆ ಬರೆದು ಕಚೇರಿಗೆ ಒಯ್ಯುತ್ತಿದ್ದಾರೆ. ಮೊದಲ ಸಲ ‘ನಿಯಮದಲ್ಲಿಲ್ಲ’ ಎಂದು ಬರೆದು ಮರಳಿಸಿದರು. ನಾಲ್ಕನೆಯ ಸಲ ‘ಮುಂದಿನ ಸಭೆಗೆ’. ಏಳನೆಯ ಸಲ ಕಾರ್ಯದರ್ಶಿಗಳು ಎದುರಿಗೆ ಕೂರಿಸಿಕೊಂಡು ನಿಜವನ್ನೇ ಹೇಳಿದರು. ಈಗ ಆ ಗೆರೆ ಹಾಕಿದರೆ, ಮೊದಲು ಅದು ಇತ್ತು, ನಾವು ತೆಗೆದೆವು ಎಂದು ಒಪ್ಪಿಕೊಂಡ ಹಾಗೆ. ಒಪ್ಪಿಕೊಂಡರೆ ಪೊಲೀಸರು, ಕೋರ್ಟು. ಸಂಘವೇ ಮುಚ್ಚಿದರೆ ಎರಡು ದವಾಖಾನೆಯ ಬಡವರು ಎಲ್ಲಿಗೆ ಹೋಗಬೇಕು? ಗದ್ದೆಪ್ಪ ಹಾಳೆ ಸುತ್ತಿಕೊಂಡು ಮನೆಗೆ ಬಂದರು. ಎಂಟನೆಯ ಸಲ ಬರೆಯಲು ಕೂತರು.

ಶೇಷಗಿರಿಯ ಕಣ್ಣ ಕೆಳಗೆ ಈಗ ಕಪ್ಪು ಇಳಿದಿದೆ. “ಪ್ರೋಗ್ರಾಮಿನಾಗ ನಾಲ್ಕು ಸಾಲಿನ ಕೆಲಸ. ಅರ್ಧ ತಾಸು ಹಿಡಿಯಂಗಿಲ್ಲ,” ಅನ್ನುತ್ತಾರೆ. “ಆದ್ರ ಒಪ್ಪಿಗೆ ಆದ ನಕ್ಷೆ ಇಲ್ಲದ ಒಂದು ಸಾಲು ಮುಟ್ಟಿದ್ರೂ ನನ್ನ ಬಿಡಸ್ತಾರ. ಬಿಡಿಸಿ, ಆ ಸಾಲೂ ತಗದಹಾಕ್ತಾರ.” ಮಾನ್ವಿಯಲ್ಲಿ ಸೈಫುದ್ದೀನ್ ಥರ್ಮಾಸನ್ನು ಮನೆಗೆ ಒಯ್ದು ಇಟ್ಟಿದ್ದಾನೆ. ಆ ಮಾತು ಎತ್ತಿದರೆ ರೋಗಿಗಳು ಇಲ್ಲದಿದ್ದರೂ ಎದ್ದು ಹೋಗಿ ಮಾತ್ರೆ ಡಬ್ಬಿಗಳನ್ನು ಸರಿಪಡಿಸುತ್ತ ನಿಲ್ಲುತ್ತಾನೆ.

ಈ ತಿಂಗಳ ಕೊನೆಗೆ ಗದ್ದೆಪ್ಪನವರ ಕೆಲಸ ಮುಗಿಯುತ್ತದೆ. ನಕ್ಷೆಗಳೆಲ್ಲ ಅಂತಿಮವೆಂದು ಸಂಘ ಠರಾವು ಮಾಡಿದೆ, ರಟ್ಟು ಹಾಕಿ ಹೊಲಿಸಲು ಕೊಟ್ಟಿದೆ. ಹದಿನೇಳನೆಯದು ಗೆರೆ ಕೆರೆದು ತೆಗೆದ ಹಾಳೆಯೇ ಹೋಗಿದೆ. ಆದರೂ ಈ ಬೆಳಗು ಹನ್ನೆರಡನೆಯ ಸಲದ ಹಾಳೆ ಬೋರ್ಡಿನ ಮೇಲಿದೆ. ಯಾಕೆ ಎಂದು ಕೇಳಿದರೆ ಪೆನ್ನಿನ ಬಾಯಿ ಒರೆಸುತ್ತ, “ಬ್ಯಾರೆ ಏನ್ ಮಾಡಬೇಕು ಅನ್ನೂದು ತಿಳಿವಲ್ದರಿ,” ಅನ್ನುತ್ತಾರೆ. “ಅದೊಂದು ಗೆರಿ ಹಾಕಾಕ ಬಿಟ್ರ ಸಾಕಿತ್ತು. ನನ್ನ ಹೆಸರು ಬ್ಯಾಡ, ಏನೂ ಬ್ಯಾಡ.”

ಹೋದ ಶುಕ್ರವಾರ ಅವರು ಯಾರಿಗೂ ಹೇಳದೆ ಚೀಕಲಪರ್ವಿಗೆ ಹೋಗಿ ಬಂದಿದ್ದಾರೆ. ಹೆಂಡತಿಗೂ ಹೇಳಿದ್ದು ಬಂದ ಮೇಲೆ. ಕಚೇರಿಯಲ್ಲಿ ಅಂತಿಮವಾದ ಹದಿನೇಳನೆಯ ಹಾಳೆಯ ಒಂದು ನಕಲು, ಅಮೋನಿಯಾ ಪ್ರಿಂಟು, ಸುರುಳಿ ಸುತ್ತಿ ಕಂಕುಳಲ್ಲಿತ್ತು. ಯಂಕಮ್ಮನ ತಾಯಿ ಜಂಬಮ್ಮ ಬೇವಿನ ನೆರಳಲ್ಲಿ ಕೂತು ಹುಣಸೆಹಣ್ಣು ಕುಟ್ಟಿ ಬೀಜ ತೆಗೆಯುತ್ತಿದ್ದಳು. ತಾನು ಯಾರೆಂದು ಹೇಳಿ ಗದ್ದೆಪ್ಪ ಹಾಳೆಯನ್ನು ನೆಲದ ಮೇಲೆ ಬಿಡಿಸಿ, ಹಾರದ ಹಾಗೆ ನಾಲ್ಕು ಮೂಲೆಗೆ ನಾಲ್ಕು ಕಲ್ಲಿಟ್ಟರು.

“ಇದೇನ ಯಪ್ಪಾ, ರಂಗೋಲಿಯೇನು?” ಅಂದಳು ಜಂಬಮ್ಮ.

“ಅಲ್ಲ ಯವ್ವಾ. ಆವತ್ತಿನ ಹಾದಿ ಇದು,” ಎಂದು ಅವರು ಮೇಲಿನ ಚೌಕದ ಮೇಲೆ ಬೆರಳಿಟ್ಟರು. “ಇಲ್ಲಿ ನಿನ್ನ ಮಗಳನ್ನ ತಂದ್ರಿ. ಇಲ್ಲಿ ನಾಕು ಸೀಸೆ ಹಾಕಿದ್ರು. ಇಲ್ಲಿ ಹಾದಿ ಎರಡಾತು. ಒಂದು ದೇವದುರ್ಗಕ್ಕ, ಒಂದು ರಾಯಚೂರಿಗಿ. ಇಲ್ಲಿ ಬಂದು ಎರಡೂ ಕೂಡಬೇಕು. ಒಂದು ಬಂತು, ಒಂದು ಬರಲಿಲ್ಲ.”

ಜಂಬಮ್ಮ ಹುಣಸೆ ಹತ್ತಿದ ಬೆರಳನ್ನು ಸೀರೆಗೆ ಒರೆಸಿಕೊಂಡು ದಪ್ಪ ಪಟ್ಟಿಯ ಮೇಲೆ ಇಟ್ಟಳು. “ನನ್ನ ಮಗಳು ಇಲ್ಲೇ ನಿಂತಳೇನು?”

“ಹೌದು ಯವ್ವಾ.”

“ಬಾಜೂಕ ಹಾದಿ ಇದ್ದಿಲ್ಲೇನು?”

“ಇತ್ತು. ನಾನ ಕೆರದು ತಗದೆ.”

ಅವಳು ಅವರ ಮುಖ ನೋಡಿದಳು. ಬಯ್ಯುತ್ತಾಳೆ, ಮಣ್ಣು ತೂರುತ್ತಾಳೆ ಎಂದು ಗದ್ದೆಪ್ಪ ಕಾದರು. ಅದಕ್ಕೇ ಬಂದಿದ್ದರು ಕೂಡ. ಅವಳು ಹಾಗೇನೂ ಮಾಡಲಿಲ್ಲ. “ಯಾಕ ತಗದೆಪ್ಪಾ?” ಎಂದು ಕೇಳಿದಳು.

“ಮೂರು ಮಂದಿ ನೌಕರಿ ಉಳೀಲಿ ಅಂತ.”

“ಉಳದ್ವೇನು?”

“ಉಳದಾವ ಯವ್ವಾ.”

ಜಂಬಮ್ಮ ಹುಣಸೆಹಣ್ಣನ್ನು ಪಕ್ಕಕ್ಕೆ ತಳ್ಳಿ ಹಾಳೆಯ ಹತ್ತಿರ ಸರಿದು ಕೂತಳು. ಆಮೇಲೆ, “ಆ ಹಾದಿ ಹಾಕು. ನಾ ನೋಡಬೇಕು,” ಅಂದಳು.

ಗದ್ದೆಪ್ಪ ಅಂಗಿಯ ಜೇಬಿನಿಂದ ಪೆನ್ಸಿಲು ತೆಗೆದರು. ಕೆಳಗೆ ಬೋರ್ಡಿಲ್ಲ, ನೆಲದ ಹರಳುಗಳು ಹಾಳೆಯ ಅಡಿಯಿಂದ ಒತ್ತುತ್ತಿದ್ದವು. ಮಾನ್ವಿಯ ಚೌಕದಿಂದ ಶುರು ಮಾಡಿ ತುಂಡು ತುಂಡಾಗಿ, ಪಟ್ಟಿಯ ಪಕ್ಕದಿಂದ ಹಾಯ್ದು, ಉಗ್ರಾಣದ ಚೌಕ ಮುಟ್ಟಿ, ಅಲ್ಲಿಂದ ತಿರುಗಿ ಮಾನ್ವಿಗೆ ತಂದು ಬಾಣದ ಮೊನೆ ಹಾಕಿದರು. ಜಂಬಮ್ಮ ಬಗ್ಗಿ ನೋಡಿದಳು. ಗೆರೆಯ ಈ ತುದಿಗೆ ಹೆಬ್ಬೆರಳು, ಆ ತುದಿಗೆ ಕಿರುಬೆರಳು ಇಟ್ಟಳು. ಒಂದು ಗೇಣೂ ಇರಲಿಲ್ಲ.

“ಇಷ್ಟ ಏನಪ್ಪಾ?” ಅಂದಳು.

“ಇಷ್ಟ ಯವ್ವಾ,” ಅಂದರು ಗದ್ದೆಪ್ಪ.